ನಿಂಗಯ್ಯ ತಾನೇ ಹೆಣೆದ ಮಿಣಿ

ಬೆಳಕವಾಡಿಯ ಆಸುಪಾಸಿನಲ್ಲಿ ನಿಂಗಯ್ಯನ ಮೂಗಿಗೆ ಅಂಜದವರಿರಲಿಲ್ಲ. ಅದು ಉದ್ದವೂ ಅಲ್ಲ, ಚೂಪೂ ಅಲ್ಲ. ಆದರೆ ಅದಕ್ಕೆ ಹಿಡಿಸುವ ವಾಸನೆ ಭೂಮಿಯ ಮೇಲೆ ಎರಡೋ ಮೂರೋ ಇದ್ದವು, ಉಳಿದದ್ದೆಲ್ಲ ನಾತ. ನೆಂಟರ ಮನೆಯಲ್ಲಿ ಎಲೆಯ ಮುಂದೆ ಕೂತು ಸಾರನ್ನು ಮೂಸಿ, ಒಗ್ಗರಣೆ ಹೊತ್ತಿದೆ ಎಂದು ಎದ್ದು ಬಂದವನು. ಕ್ಷೌರದವನ ಬಾಯಲ್ಲಿ ಬೀಡಿ ವಾಸನೆ ಎಂದು ಅರ್ಧ ಗಡ್ಡಕ್ಕೇ ಎದ್ದು, ಇನ್ನರ್ಧವನ್ನು ಹಾಗೇ ಹೊತ್ತು ತಿರುಗಿದವನು.

ಇಂಥ ಮೂಗಿನ ಒಡೆಯ, ಯುದ್ಧದ ನಡುವಿನ ಒಂದು ವರ್ಷ, ತನ್ನ ಹಿತ್ತಿಲಲ್ಲಿ ಕೂತು ಕೈಯಾರೆ ಎಮ್ಮೆಗರುವಿನ ಚರ್ಮ ಹೆರೆದ. ಅದು ಹೀಗಾಯಿತು.

ಗಾಡಿಯ ನೊಗವನ್ನು ಮುಂದೆ ಚಾಚಿದ ಮೂಕಿಮರಕ್ಕೆ ಬಿಗಿಯಲು ಹಸಿ ಚರ್ಮದ ಬಾರುಗಳಿಂದ ಹೆಣೆದ ಹಗ್ಗ ಬೇಕು. ಅದೇ ಮಿಣಿ. ಊರಿಗೆಲ್ಲ ಮಿಣಿ ಹೆಣೆದು ಕೊಡುತ್ತಿದ್ದವನು ಕೆಳಗಿನ ಕೇರಿಯ ಸಿದ್ದರಾಮು. ವರ್ಷವರ್ಷವೂ ಹೊಸ ಮಿಣಿ ತಂದು ನಿಂಗಯ್ಯನ ಮನೆ ಮುಂದಿನ ಕಲ್ಲಿನ ಮೇಲಿಟ್ಟು ದೂರ ಸರಿದು ನಿಲ್ಲುವನು. ನಿಂಗಯ್ಯನ ಹೆಂಡತಿ ಚಲುವಮ್ಮ ಅದರ ಮೇಲೆ ಕೊಡದ ತುಂಬ ನೀರು ಹುಯ್ಯುವಳು. ಹಾಗೆ ಮಡಿಯಾದ ಮೇಲೆ ನಿಂಗಯ್ಯ ಅದನ್ನು ಮುಟ್ಟುವನು. ತಾತನ ಕಾಲದಿಂದ ನಡೆದುಬಂದದ್ದು. ಯಾರಿಗೂ ವಿಚಿತ್ರ ಎನಿಸಿರಲಿಲ್ಲ, ಬಹುಶಃ ಸಿದ್ದರಾಮುವಿನ ಹೊರತು.

ಆ ವರ್ಷ ಸಿದ್ದರಾಮು ಮಿಣಿಯನ್ನು ಕಲ್ಲಿನ ಮೇಲಿಡಲಿಲ್ಲ. ಕೈ ಮುಂದೆ ಚಾಚಿದ.

“ಈಸ್ಕಳಿ,” ಎಂದ.

“ಯಾಕ್ಲಾ, ಕಲ್ಲು ಎಲ್ಗೋಯ್ತು?”

“ಕಲ್ಲು ಅಲ್ಲೇ ಅದೆ. ನಾನು ಬಿಗಿಯಾಗಿ ಎಣ್ದು ತತ್ತೀನಿ. ನೀವು ನೀರು ಉಯ್ದು ಸಡ್ಲ ಮಾಡ್ತೀರಿ. ಆಮ್ಯಾಕೆ ಸಿದ್ದರಾಮು ಸೋಂಬೇರಿ ಅಂತ ಊರ್ಗೆಲ್ಲಾ ಯೋಳ್ತೀರಿ. ಈ ಸಲ ಕೈಯಿಂದ ಕೈಗೆ. ಇಲ್ದೋದ್ರೆ ಬ್ಯಾಡ.”

ಮಾತಿಗೊಂದು ಸಲ ತಲೆ ಬಾಗಿಸಿ ‘ಬುದ್ಧಿ’ ಎನ್ನುತ್ತಿದ್ದ ಮನುಷ್ಯ, ಅವತ್ತು ಆ ಪದವನ್ನು ಮನೆಯಲ್ಲೇ ಮರೆತು ಬಂದಿದ್ದ. ಎದುರಿನ ಮಾರಿಗುಡಿಯ ಜಗಲಿಯಲ್ಲಿ ಕೂತಿದ್ದವರೆಲ್ಲ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದರು. ನಿಂಗಯ್ಯನ ವೀರಾವೇಶ ಕೆರಳಲು ಅಷ್ಟು ಸಾಕಾಯಿತು.

“ಏನ್ ಬ್ರಮ್ಮವಿದ್ಯೆನ್ಲಾ ನಿಂದು? ನಾನೇ ಮಾಡ್ಕತೀನಿ ಓಗು. ನಾನೆಣೆದ ಮಿಣಿ ಒಂದ್ ಗಾಡಿ ಬೆಲ್ಲ ಮಳವಳ್ಳಿ ಸಂತೆಗಂಟ ಎಳೀದಿದ್ರೆ, ನಿನ್ ಬಾಗ್ಲಿಗೆ ಬಂದು ನಿನ್ ಕೈಯಿಂದ್ಲೇ ಈಸ್ಕತೀನಿ.”

“ಆಗ್ಲಿ. ಬಾಗ್ಲು ತೆಗ್ದೇ ಇರ್ತದೆ,” ಎಂದು ಸಿದ್ದರಾಮು ಮಿಣಿಯನ್ನು ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ಹುಟ್ಟಿದ್ದಾರಭ್ಯ ಆ ಕೇರಿಗೆ ಕಾಲಿಡದವನು ನಿಂಗಯ್ಯ. ಈಗ ಅವನ ಮಾನವೆಲ್ಲ ಒಂದು ಚರ್ಮದ ಹಗ್ಗದಲ್ಲಿ ನೇತಾಡತೊಡಗಿತು.

ಮಳವಳ್ಳಿಯ ಚರ್ಮದ ಮಂಡಿಯಲ್ಲಿ ನಜೀರ್ ಅಹ್ಮದ್ ಸಾಹೇಬರು ಉಪ್ಪು ಸವರಿದ ಒಂದು ಎಮ್ಮೆಗರುವಿನ ಚರ್ಮ ಎಳೆದು ಹಾಕಿದರು. “ಒಳ್ಳೇದೆಲ್ಲಾ ಮಿಲಿಟರಿ ಬೂಟಿಗೆ ಹೋಯ್ತು. ಇದಕ್ಕೆ ಆ ಭಾಗ್ಯ ಬರಲಿಲ್ಲ,” ಎಂದರು. ಪಂಚೆಯ ತುದಿಯಿಂದ ಮೂಗು ಹಿಡಿದು ನಿಂತಿದ್ದ ಗಿರಾಕಿಯನ್ನು ನೋಡಿ ಕೇಳಿದರು: “ಅಲ್ಲಾ ಗೌಡ್ರೇ, ಈ ಕೆಲಸಕ್ಕೆ ಎರಡೂ ಕೈ ಬೇಕು. ಮೂಗು ಯಾರು ಹಿಡೀತಾರೆ?”

ನಿಂಗಯ್ಯ ಊರು ಸೇರುವ ಹೊತ್ತಿಗೆ ಗಾಡಿಯ ಹಿಂದೆ ನೊಣಗಳ ಅಕ್ಷೌಹಿಣಿ ಸೇನೆಯೇ ಬರುತ್ತಿತ್ತು. ಚಲುವಮ್ಮ ಬಾಗಿಲಿಗೆ ಅಡ್ಡ ನಿಂತಳು.

“ಅದ ಇಡ್ಕಂಡು ಒಳಿಕ್ ಬಂದ್ರೆ ನಾನು ತೌರಿಗೆ ಓಯ್ತೀನಿ.”

“ಇತ್ಲಲ್ಲಿ ಇಟ್ಕತೀನಿ ಬುಡು.”

“ನೀನೂ ಇತ್ಲಲ್ಲೇ ಇರು.”

ಹೀಗೆ ನಿಂಗಯ್ಯನ ವನವಾಸ ಆರಂಭವಾಯಿತು. ದನಕ್ಕೆ ಕಲಗಚ್ಚು ಹಾಕುವ ಬಾನಿಯಲ್ಲಿ ಸುಣ್ಣದ ನೀರು ತುಂಬಿ ಚರ್ಮವನ್ನು ಮುಳುಗಿಸಿದ. ಮೊದಲು ನೀರು ಬರೀ ಬೆಳ್ಳಗಿತ್ತು. ಆಮೇಲೆ ಅದರ ಮೇಲೆ ಬೂದುಬಣ್ಣದ ನೊರೆ ಕಟ್ಟಿತು, ನೊರೆಯೊಳಗಿಂದ ಒಂದೊಂದೇ ಗುಳ್ಳೆ ಎದ್ದು ಒಡೆಯತೊಡಗಿತು. ಒಡೆದ ಪ್ರತಿ ಗುಳ್ಳೆಯಿಂದಲೂ ಬಂದದ್ದು ಕೊಳೆತ ಮೊಟ್ಟೆಯೋ ಸತ್ತ ಹೆಗ್ಗಣವೋ ಎಂದು ಆ ಜಗದ್ವಿಖ್ಯಾತ ಮೂಗಿಗೂ ತೀರ್ಮಾನಿಸಲಾಗಲಿಲ್ಲ. ಎತ್ತುಗಳು ಅತ್ತ ಮುಖ ಹಾಕಲಿಲ್ಲ. ಪಕ್ಕದ ಮನೆಯ ಪಟ್ಟಲಮ್ಮ ಬೇಲಿಯಾಚೆಯಿಂದ, “ನಿಮ್ಮನೇಲಿ ಯಾರಾನಾ ಓಗ್ಬುಟ್ರಾ?” ಎಂದು ವಿಚಾರಿಸಿದಳು.

ಕೂದಲು ಸಡಿಲವಾದ ದಿನ ನಿಂಗಯ್ಯ ಮೂಗಿಗೆ ಬೇವಿನ ಸೊಪ್ಪು ತುರುಕಿಕೊಂಡು, ಮೊಂಡು ಕುಡುಗೋಲು ಹಿಡಿದು ಯುದ್ಧಕ್ಕಿಳಿದ. ಚರ್ಮವನ್ನು ದಿಮ್ಮಿಯ ಮೇಲೆ ಹಾಸಿ ಹೆರೆದರೆ ಕೂದಲು ಮುದ್ದೆಮುದ್ದೆಯಾಗಿ ಕಳಚಿ ಬಂದು ಅಂಗೈಗೆ, ಮೊಣಕೈಗೆ, ಕೊನೆಗೆ ಮೀಸೆಗೂ ಅಂಟಿತು. ಎಮ್ಮೆಯದು ಯಾವುದು, ತನ್ನದು ಯಾವುದು ಎಂದು ತಿಳಿಯದಾಯಿತು. ಮಗ್ಗುಲು ತಿರುಗಿಸಿದರೆ ಇನ್ನೂ ಘೋರ. ಒಳಗಡೆ ಹಳದಿ ಕೊಬ್ಬು, ಅದರಡಿ ಲೋಳೆಯಂಥ ಪೊರೆ. ಕುಡುಗೋಲು ತಾಗಿದರೆ ಜಾರಿ ಹೋಗುವುದು, ಬೆರಳಲ್ಲಿ ಹಿಡಿದೆಳೆದರೆ ಪಿಚಕ್ಕನೆ ಮುಖಕ್ಕೆ ಹಾರುವುದು. ಒಂದು ಚೂರು ತುಟಿಯ ಮೇಲೆ ಕೂತಿತು. ನಮ್ಮ ವೀರ ಆಯುಧ ಚೆಲ್ಲಿ ಬಾಳೆಗಿಡದ ಬುಡಕ್ಕೆ ಓಡಿ, ಬೆಳಗಿನ ಮುದ್ದೆಯನ್ನೆಲ್ಲ ಭೂತಾಯಿಗೆ ಒಪ್ಪಿಸಿದ. ಮರಳಿ ಬರುವಷ್ಟರಲ್ಲಿ ಊರ ನಾಯಿಗಳು ಚರ್ಮದ ಒಂದು ಮೂಲೆಯನ್ನು ಸವಿದಾಗಿತ್ತು.

ಅಂತೂ ತೊಳೆದು, ಗೂಟ ಹೊಡೆದು ಎಳೆದು ಕಟ್ಟಿ ಒಣಗಿಸಿದ. ಅದು ತಮಟೆಯಂತೆ ಸೆಟೆದು ನಿಂತಾಗ ಅದನ್ನು ಬೆರಳಲ್ಲಿ ಬಡಿದು, ಸಿದ್ದರಾಮುವಿನ ಕೇರಿಗೆ ಕೇಳಲಿ ಎಂದು ಇನ್ನೂ ಒಂದು ಸಲ ಬಡಿದ. ಆಮೇಲೆ ಅಂಚಿನಿಂದ ಸುತ್ತ ಸುತ್ತ ಕೊಯ್ಯುತ್ತ ನಡುವಿಗೆ ಬಂದು ಉದ್ದನೆಯ ಒಂದೇ ಬಾರು ತೆಗೆದ. ಅದನ್ನು ಎಳೆಗಳಾಗಿ ಕತ್ತರಿಸಿ, ಮೆತ್ತಗಾಗಲೆಂದು ನೀರಲ್ಲಿ ನೆನೆಹಾಕಿದ. ಇದನ್ನೆಲ್ಲ ಅವನು ಕಲಿತದ್ದು ಚಿಕ್ಕಂದಿನಿಂದ ಹೊಲದ ಬದುವಿನ ಮೇಲೆ ನಿಂತು ದೂರದಿಂದ ನೋಡಿ. ಸಿದ್ದರಾಮು ಹೆಣೆಯುವ ಮುಂಚೆ ಬಾರನ್ನು ಹಿಂಡಿ, ನೆರಳಲ್ಲಿ ಆರಹಾಕಿ, ಮತ್ತೆ ಮತ್ತೆ ಕೆನ್ನೆಗೆ ಒತ್ತಿಕೊಳ್ಳುವುದನ್ನೂ ನೋಡಿದ್ದ. ಬೆವರು ಒರೆಸಿಕೊಳ್ಳುತ್ತಾನೆ ಎಂದುಕೊಂಡಿದ್ದ. ಕೆನ್ನೆಗೆ ತಣ್ಣಗೆ ತಾಗಬೇಕು, ಒದ್ದೆ ಅಂಟಬಾರದು. ಆ ಹದದಲ್ಲೇ ಹೆಣೆಯಬೇಕು ಎಂಬುದು ಬದುವಿನ ಮೇಲೆ ನಿಂತವರಿಗೆ ಕಾಣುವಂಥದ್ದಲ್ಲ.

ಕಂಡಿದ್ದರೂ ನಿಂಗಯ್ಯ ಆ ಲೋಳೆಯನ್ನು ಕೆನ್ನೆಗೆ ಒತ್ತಿಕೊಳ್ಳುತ್ತಿರಲಿಲ್ಲ. ಅವನು ಮಾಡಿದ್ದೇ ಬೇರೆ. ಒಂದು ಸುತ್ತು ಹೆಣೆಯುವನು, ಅಸಹ್ಯ ತಡೆಯದೆ ಕೈ ತೊಳೆಯುವನು. ಕೈ ತೊಳೆದ ಮೇಲೆ ಬಾರು ಇನ್ನೂ ಹೊಲಸಾಗಿ ಕಂಡು ಅದನ್ನೂ ಅರಿಸಿನದ ನೀರಲ್ಲಿ ಅದ್ದುವನು. ಮತ್ತೊಂದು ಸುತ್ತು, ಮತ್ತೆ ಅದ್ದುವುದು. ಮಿಣಿ ಮುಗಿದಾಗ ಮದುಮಗನಂತೆ ಹಳದಿಯಾಗಿ, ತೊಟ್ಟಿಕ್ಕುತ್ತ, ನೋಡಲು ಬಲು ಬಿಗಿಯಾಗಿತ್ತು.

“ನೋಡೇ,” ಎಂದ ಚಲುವಮ್ಮನಿಗೆ.

“ದೂರದಿಂದ್ಲೇ ಕಾಣ್ತದೆ,” ಎಂದಳು.

ಒಣಗಿದಂತೆ ಒಂದೊಂದು ಎಳೆಯೂ ಕುಗ್ಗಿ ಸಣ್ಣಗಾಯಿತು. ಹೆಣಿಗೆಯ ನಡುವೆ ಕಿರುಬೆರಳು ತೂರುವಷ್ಟು ಸಂದು ಬಿತ್ತು. ನಿಂಗಯ್ಯ ಅದನ್ನು ಗಾಳಿಯಾಡುವ ಮಿಣಿ ಎಂದು ಕರೆದು, ಸಂತೆಯ ದಿನ ಗಾಡಿಗೆ ಬಿಗಿದು, ಅಚ್ಚುಬೆಲ್ಲದ ಮೂಟೆಗಳನ್ನು ಹೇರಿದ. ಜಗಲಿಯವರೆಲ್ಲ ಎದ್ದು ನಿಂತು ಬೀಳ್ಕೊಟ್ಟರು. ಕೆರೆ ಏರಿಯ ಏರು ಹತ್ತುವಾಗ ಎತ್ತುಗಳು ಬಲ ಹಾಕಿ ಎಳೆದವು. ಮಿಣಿ ಜಗ್ಗಿತು, ಉದ್ದವಾಯಿತು, ಇನ್ನೂ ಉದ್ದವಾಯಿತು, ಕೊನೆಗೆ ಗಂಟು ಜಾರಿತು. ನೊಗ ಹೊತ್ತ ಎತ್ತುಗಳು ಮುಂದಕ್ಕೆ ಹೋದವು, ಗಾಡಿ ಹಿಂದಕ್ಕೆ ಬಂತು. ಮೂಕಿ ಆಕಾಶ ನೋಡಿತು. ಮೂಟೆಗಳ ಬಾಯಿ ಬಿಚ್ಚಿ ಬೆಲ್ಲದ ಅಚ್ಚುಗಳು ಏರಿಯ ಮೇಲಿಂದ ಉರುಳುರುಳಿ ಎಮ್ಮೆಗಳು ಮಲಗುವ ಕೆಸರಿಗೆ ಇಳಿದವು.

ಸಾಯಂಕಾಲ ನಿಂಗಯ್ಯ ಕೆಳಗಿನ ಕೇರಿಗೆ ನಡೆದ. ಜಗಲಿಯ ಕಣ್ಣುಗಳೆಲ್ಲ ಅವನ ಬೆನ್ನ ಮೇಲಿದ್ದವು. ಬಾಗಿಲು ತೆಗೆದೇ ಇತ್ತು. ಸಿದ್ದರಾಮುವಿನ ಹೆಂಡತಿ ಪುಟ್ಟಮಾದಮ್ಮ ಹೊರಗೆ ಬಂದವಳು ಥಟ್ಟನೆ ಸೆರಗನ್ನು ಮೂಗಿಗೆ ಒತ್ತಿಕೊಂಡಳು.

“ಅಲ್ಲೇ ನಿಂತ್ಕಳಿ. ಏನ್ ನಾತ ಇದು? ನಾನು ಈ ಕೇರಿಗೆ ಸೊಸೆಯಾಗಿ ಬಂದಾಗ್ಲಿಂದ ಇಂತಾ ನಾತ ಕಾಣೆ. ಆ ಚೊಂಬಲ್ಲಿ ಕೈ ತೊಳ್ಕಳಿ.”

ನಿಂಗಯ್ಯ ತೊಳೆದುಕೊಂಡ.

“ಮೊಣಕೈಗಂಟ. ಉಂ. ಈಗ ಒರ್ಸ್ಕಳಿ. ಒದ್ದೆ ಕೈಲಿ ಮುಟ್ಬುಟ್ಟೀರಿ.”

ಪಂಚೆಯಲ್ಲಿ ಒರೆಸಿಕೊಂಡ. ಸಿದ್ದರಾಮು ಮಿಣಿ ತಂದು ಎರಡು ಕೈಗಳಲ್ಲಿ ಹಿಡಿದು ನಿಂತ, ಆದರೆ ತಾನಾಗಿ ಮುಂದೆ ಚಾಚಲಿಲ್ಲ. ನಿಂಗಯ್ಯನೇ ಒಂದು ಹೆಜ್ಜೆ ಮುಂದೆ ಹೋಗಿ ತೆಗೆದುಕೊಳ್ಳಬೇಕಾಯಿತು. ಬೆರಳಿಗೆ ಬೆರಳು ತಾಗಿತು. ಭೂಮಿ ಬಿರಿಯಲಿಲ್ಲ. ನಿಂಗಯ್ಯ ಅಭ್ಯಾಸಬಲದಿಂದ ಮಿಣಿಯನ್ನು ಮೂಗಿನ ಹತ್ತಿರ ತಂದು ಮೂಸಿದ. ಒಂದಿಷ್ಟು ಹರಳೆಣ್ಣೆಯ ವಾಸನೆ ಬಿಟ್ಟರೆ ಏನೂ ಇರಲಿಲ್ಲ.

“ಇದು ನಾರೋದೇ ಇಲ್ವಲ್ಲೋ,” ಎಂದ, ನಿಜವಾಗಿಯೂ ಬೆರಗಾಗಿ.

“ನಾರ್ತಾ ಇರೋದು ಮಿಣಿ ಅಲ್ಲ, ನಿಂಗಯ್ಯನೋರೆ,” ಎಂದ ಸಿದ್ದರಾಮು. ಪುಟ್ಟಮಾದಮ್ಮ ಸೆರಗನ್ನು ಇನ್ನೂ ಮೂಗಿನಿಂದ ತೆಗೆದಿರಲಿಲ್ಲ.