ದಬರಿಯ ಮೇಲಿನ ಹೆಸರು

ನಮ್ಮ ಊರು ಹಾರನಹಳ್ಳಿಯ ಆಚೆ. ದಲಿತರ ಕಾಲೊನಿಗೂ ಊರಿಗೂ ನಡುವೆ ಒಂದು ತೆಂಗಿನ ತೋಟ. ಊರಿನ ದೇವಸ್ಥಾನದಲ್ಲಿ ಮದುವೆ ಅಡುಗೆಯ ಪಾತ್ರೆಗಳಿದ್ದವು. ಕೇಳಿದ ಮನೆಗೆಲ್ಲ ಕೊಡುತ್ತಿದ್ದರು, ಕಾಲೊನಿಗೆ ಕೊಡುತ್ತಿರಲಿಲ್ಲ. ಇದನ್ನು ಯಾರೂ ನಿಯಮವೆಂದು ಹೇಳಿದ್ದು ನಾನು ಕೇಳಿಲ್ಲ. ಕಾಲೊನಿಯವರು ಕೇಳುವುದನ್ನೇ ಬಿಟ್ಟಿದ್ದರು.

ಕೆಲವು ವರ್ಷಗಳ ಹಿಂದೆ ಅಲ್ಲಿಯ ಹೆಂಗಸರ ಸಂಘ ತಮ್ಮ ಉಳಿತಾಯದಿಂದ ಸ್ವಂತ ಪಾತ್ರೆ ಕೊಂಡಿತು. ನೂರಾರು ಜನರ ಅಡುಗೆಗಾಗುವ ಅಗಲ ಬಾಯಿಯ ದಬರಿಗಳು, ಸೌಟು, ಬಕೆಟ್ಟು. ತಮ್ಮ ಮದುವೆಗಳಿಗೆ ಆಗಬೇಕು, ಉಳಿದಂತೆ ಬಾಡಿಗೆಗೆ ಹೋಗಬೇಕು ಎಂಬುದು ಯೋಚನೆ. ಅರಸೀಕೆರೆಯ ಅಂಗಡಿಯಲ್ಲಿ ಹೆಸರು ಕೊರೆಯುವವನು ಅಂಚಿನಲ್ಲಿ ಚಿಕ್ಕದಾಗಿ ಕೊರೆಯಲು ಹೊರಟಾಗ ಸಂಘದ ಅಧ್ಯಕ್ಷೆ ತಡೆದರಂತೆ. ಕಾಲೊನಿಯ ಹೆಸರೂ ಸಂಘದ ಹೆಸರೂ ಪಾತ್ರೆಯ ಹೊಟ್ಟೆಯ ಮೇಲೆ, ದೂರದಿಂದಲೇ ಓದುವಷ್ಟು ದೊಡ್ಡದಾಗಿ ಬಂದವು.

ಲಗ್ನದ ತಿಂಗಳುಗಳು ಮುಗಿದರೂ ಊರಿನಿಂದ ಒಬ್ಬರೂ ಪಾತ್ರೆ ಕೇಳಲಿಲ್ಲ. ಸಂಘದೊಳಗೇ ಮಾತು ಬೆಳೆಯಿತು. ಹೆಸರು ಉಜ್ಜಿಸಿಬಿಡೋಣ ಎಂದು ಅರ್ಧ ಹೆಂಗಸರು. ಉಜ್ಜಿಸಿದರೆ ತಾನು ಸಂಘದಲ್ಲಿರುವುದಿಲ್ಲ ಎಂದು ಅಧ್ಯಕ್ಷೆ. ಆಕೆ ನನ್ನ ಚಿಕ್ಕಪ್ಪನ ತೋಟಕ್ಕೆ ಕೂಲಿಗೆ ಬರುತ್ತಿದ್ದವರು.

ಮರುವರ್ಷ ಚಿಕ್ಕಪ್ಪನ ಮಗಳ ಮದುವೆಯಾಯಿತು. ಬೀಗರು ಹಳೇಬೀಡಿನ ಕಡೆಯವರು. ಬೀಗರೂಟಕ್ಕೆ ಬಾಡು ಬೇಯಿಸಬೇಕು. ಮಾಂಸದಡುಗೆಗೆ ದೇವಸ್ಥಾನದ ಪಾತ್ರೆ ಕೊಡುವುದಿಲ್ಲ. ಹಾರನಹಳ್ಳಿಯ ಅಂಗಡಿಯವನ ಪಾತ್ರೆಗಳೆಲ್ಲ ಬೇರೆ ಮದುವೆಗಳಿಗೆ ಹೋಗಿದ್ದವು. ಚಿಕ್ಕಪ್ಪ ಕಾಲೊನಿಗೆ ಹೊರಟರು. ರಜೆಯ ಮೇಲೆ ಬಂದಿದ್ದ ನಾನು ಬೈಕಿನಲ್ಲಿ ಕರೆದುಕೊಂಡು ಹೋದೆ. ಅಧ್ಯಕ್ಷೆಯ ಮನೆ ಮುಂದೆ ಸಂಘದ ಹೆಂಗಸರು ಕೂತಿದ್ದರು.

"ದಬರಿ ಬೇಕಾಗಿತ್ತು ಕಣಮ್ಮ," ಎಂದರು ಚಿಕ್ಕಪ್ಪ ಅಧ್ಯಕ್ಷೆಗೆ. "ಹೆಸರಿರೋ ಕಡೆ ಒಂದು ಪೇಪರ್ ಅಂಟಿಸ್ಕೊಡಿ. ಬೀಗರು ಬತ್ತಾರೆ."

"ಒಲೆ ಮೇಲೆ ಪೇಪರ್ ನಿಂತದಾ ಗೌಡ್ರೆ?" ಹಿಂದಿನಿಂದ ಒಬ್ಬಾಕೆ ಕೇಳಿದಳು. "ಸಾರಿನ ಜೊತೆ ಅದನ್ನೂ ಬಡಿಸ್ತೀರಾ?"

ಹೆಂಗಸರು ನಕ್ಕರು. ಅಧ್ಯಕ್ಷೆ ನಗಲಿಲ್ಲ. "ಹಂಗೇ ತಗಂಡೋಗಿ. ಹೆಸರು ಮುಚ್ಚಂಗಿದ್ರೆ ಬ್ಯಾಡ."

"ನಮ್ಮ ತೋಟಕ್ಕೇ ಕೆಲಸಕ್ಕೆ ಬತ್ತೀಯ, ಇಷ್ಟು ಬಿಗಿನಾ?"

"ತೋಟದ ಮಾತು ತೋಟದಾಗೆ. ಇದು ಸಂಘದ್ದು ಕಣ್ರೀ."

ಚಿಕ್ಕಪ್ಪ ನನ್ನ ಕಡೆ ನೋಡಿದರು. ಮತ್ತೆ ಆಕೆಯ ಕಡೆ ತಿರುಗಿ, "ಆಯ್ತು, ಟೆಂಪೊ ತತ್ತೀನಿ," ಎಂದರು. ಟೆಂಪೊ ಕಾಲೊನಿಯ ಬೀದಿಗೆ ಬಂತು. ದಬರಿಗಳನ್ನು ಆಚೆಈಚೆ ಹಿಡಿದು ನಾವಿಬ್ಬರೇ ಏರಿಸಿದೆವು.

ಬೀಗರೂಟದ ಬೆಳಿಗ್ಗೆ ಅಡುಗೆಯವನು ದಬರಿಯ ಹೊರಮೈಗೆ ಮಣ್ಣು ಬಳಿಯತೊಡಗಿದ. ಸೌದೆ ಒಲೆಯ ಮಸಿ ಅಂಟದಿರಲೆಂದು ಎಲ್ಲ ಅಡುಗೆಯವರೂ ಮಾಡುವ ಕೆಲಸ ಅದು. ಚಿಕ್ಕಪ್ಪ ಓಡಿಬಂದರು.

"ಅಕ್ಷರದ ಮೇಲೆ ಬಳೀಬ್ಯಾಡ ಕಣೋ. ಮಾತು ಕೊಟ್ಟಿದೀನಿ."

"ಮಸಿ ಹಿಡೀತದೆ ಗೌಡ್ರೆ."

"ಹಿಡೀಲಿ ಬಿಡ್ಲಾ."

ಬೀಗರು ಉಂಡರು. ಹೆಸರು ಓದಿದವರಿದ್ದರೋ ಇಲ್ಲವೋ ಗೊತ್ತಿಲ್ಲ. ಎಲೆ ಬಿಟ್ಟು ಯಾರೂ ಏಳಲಿಲ್ಲ. ಕೈ ತೊಳೆದು ಬಂದ ಒಬ್ಬ ಮುದುಕರು ಮಾತ್ರ ಒಲೆಯ ಹತ್ತಿರ ಬಗ್ಗಿ ನೋಡಿ, "ದಬರಿ ಗಟ್ಟಿ ಐತೆ. ಎಲ್ಲಿಂದು?" ಎಂದರು.

"ನಮ್ಮೂರಿಂದೇ," ಎಂದರು ಚಿಕ್ಕಪ್ಪ.

ಪಾತ್ರೆ ಹಿಂದಿರುಗಿಸಿದಾಗ ಅಧ್ಯಕ್ಷೆ ದೊಡ್ಡ ದಬರಿಯನ್ನು ತೆಗೆದುಕೊಳ್ಳಲಿಲ್ಲ. "ಅಕ್ಷರದ ಸಂದೀಲಿ ಮಸಿ ಕುಂತೈತೆ. ತಿಕ್ಕಿಸ್ಕೊಂಡು ಬನ್ನಿ."

"ನೀನೇ ಮುಚ್ಚಬ್ಯಾಡ ಅಂದಿದ್ದಲ್ಲಮ್ಮ!"

"ಪೇಪರ್ ಅಂಟಿಸಬ್ಯಾಡಿ ಅಂದೆ. ಮಣ್ಣು ಎಲ್ಲಾರ ಪಾತ್ರೆಗೂ ಬಳೀತಾರೆ. ನಮ್ಮದಕ್ಯಾಕೆ ಬ್ಯಾಡ?"

ಚಿಕ್ಕಮ್ಮ ಮತ್ತು ನಾನು ತೆಂಗಿನ ನಾರು, ಹುಣಸೆಹಣ್ಣು ಹಿಡಿದು ಮಧ್ಯಾಹ್ನದವರೆಗೆ ತಿಕ್ಕಿದೆವು. ಹಿಂದಕ್ಕೆ ಒಯ್ದಾಗ ಸಂಘದ ಸಭೆ ನಡೆಯುತ್ತಿತ್ತು. ಹೆಸರು ಉಜ್ಜಿಸುವ ಮಾತು ಅಲ್ಲಿರಲಿಲ್ಲ. ಒಂದೇ ದಿನಕ್ಕೆ ಊರಿನ ಎರಡು ಮನೆಯವರು ದಬರಿ ಕೇಳಿದ್ದರು. ಯಾರಿಗೆ ಕೊಡುವುದೆಂದು ಜಗಳ ನಡೆದಿತ್ತು.