ಬರೆದುಕೊಡದ ಸಾಹೇಬರು, ರಮ್ಲಾಳ ಫೋನು

ರಮ್ಲಾಳ ಬಗ್ಗೆ ಬರೆಯಲು ಕೂತರೆ ನನಗೆ ಮೊದಲು ಸಿಟ್ಟೇ ಬರುತ್ತದೆ. ಕೊಡಿಯಾಲ್‌ಬೈಲಿನ ನಮ್ಮ ಗೇರುಬೀಜದ ಆಫೀಸಿನಲ್ಲಿ ಹನ್ನೊಂದು ವರ್ಷ ನನ್ನ ಪಕ್ಕದ ಮೇಜಿನಲ್ಲಿ ದುಡಿದವಳು. ದೇರೆಬೈಲಿನಿಂದ ಬಸ್ಸು ಹಿಡಿದು ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆಗೆಯುವವಳು. ಕಂಪನಿ ಅವಳಿಗೊಂದು ಫೋನು ಕೊಡಲಿಲ್ಲ. "ನಿನ್ನದುಂಟಲ್ಲ, ಸಾಕು" ಎಂದಿದ್ದರು ಧಣಿ ಕಾಸಿಂ ಸಾಹೇಬರು. ಹಾಗಾಗಿ ಲೋಡಿನ ಫೋಟೋ, ಗಿರಾಕಿಗಳ ಜಗಳ, ತೀರಿಹೋದ ತಾಯಿ ಆಸ್ಯಮ್ಮನ ವಾಯ್ಸ್ ಮೆಸೇಜು, ಎಲ್ಲ ಒಂದೇ ಫೋನಿನಲ್ಲಿ.

ಸಾಹೇಬರು ಏನನ್ನೂ ಬರೆದುಕೊಡುವವರಲ್ಲ. ಬರೆದರೆ ತಾನೇ ಸಾಕ್ಷಿ! ಅಪ್ಪಣೆಗಳೆಲ್ಲ ವಾಟ್ಸಾಪಿನ ವಾಯ್ಸ್ ಮೆಸೇಜಿನಲ್ಲಿ, ಬ್ಯಾರಿ ಭಾಷೆಯಲ್ಲಿ, ಬಾಯಿಮಾತಿನಲ್ಲೇ.

ಹಳೇ ಮಾಲಿಗೆ ಹೊಸ ತಾರೀಖಿನ ಚೀಟಿ ಅಂಟಿಸಿದ್ದೀರಿ ಎಂದು ಗಿರಾಕಿಯೊಬ್ಬ ಕೇಸು ಹಾಕಿದ. ಸಾಹೇಬರು ಕೋರ್ಟಿಗೆ ಹೇಳಿದ್ದೇನು? ಅದು ರಮ್ಲಾ ಮಾಡಿದ್ದು, ತನಗೆ ಗೊತ್ತೇ ಇಲ್ಲ. ಅವಳ ದುಡಿಮೆ ಉಂಡು ಜಂತೆ ಎಣಿಸಿದ ಮನುಷ್ಯ!

ಸಿಬ್ಬಂದಿಯ ಫೋನಿನಲ್ಲಿರುವ ವ್ಯವಹಾರದ ಮೆಸೇಜುಗಳನ್ನು ಹಾಜರುಪಡಿಸಲು ಕೋರ್ಟು ಆದೇಶಿಸಿತು. ಅಂದೇ ಸಾಹೇಬರು ಅವಳ ಮೇಜಿಗೆ ಬಂದರು.

"ಮಗಳೇ, ಬಿಜೈಯ ಅಂಗಡಿಯಲ್ಲಿ ಕೊಟ್ಟು ಫೋನು ಪೂರ್ತಿ ಖಾಲಿ ಮಾಡಿಸು. ಹೊಸತು ತೆಗೆಸಿಕೊಡ್ತೇನೆ."

"ಉಮ್ಮನ ದನಿ ಉಂಟು ಅದರಲ್ಲಿ."

"ಸತ್ತವರ ದನಿ ಎಂತಕ್ಕೆ ಮಾರಾಯ್ತಿ?"

ನನ್ನ ಮೈ ಉರಿಯಿತು. ತಾಯಿಯ ದನಿಯ ಜೊತೆಗೆ ಅವಳ ಮಾನ ಉಳಿಸುವ ಒಂದೇ ಸಾಕ್ಷಿಯೂ ಅಳಿದುಹೋಗುತ್ತಿತ್ತು. ಆದರೂ ನಾನು ಬಾಯಿ ಬಿಡಲಿಲ್ಲ. ಆ ಸಿಟ್ಟು ನನ್ನ ಮೇಲೆಯೇ ಇನ್ನೂ ಇದೆ. ರಮ್ಲಾ ಫೋನನ್ನು ಬ್ಯಾಗಿಗೆ ಹಾಕಿ, "ಆಗುದಿಲ್ಲ" ಎಂದಳು.

ಮರುದಿನ ಆ ಮೆಸೇಜುಗಳನ್ನು ದಾಖಲಿಸಿಕೊಳ್ಳಲು ಕೋರ್ಟು ನೇಮಿಸಿದ ಕಮಿಷನರ್, ವಕೀಲ ಮೊರಿಸ್, ಆಫೀಸಿಗೆ ಬಂದರು.

"ಸಾಹೇಬರ ಚಾಟ್ ಮಾತ್ರ ತೆಗೀರಿ. ಉಮ್ಮನದ್ದು ಮುಟ್ಟಬೇಡಿ," ಎಂದಳು ರಮ್ಲಾ.

ಮೊರಿಸ್ ಒಪ್ಪಿದರು. ಅವಳೇ ಒಂದು ಮೆಸೇಜು ಒತ್ತಿದಳು. ಸಾಹೇಬರ ದನಿ ಕೋಣೆಯಿಡೀ ಕೇಳಿಸಿತು.

"ಇದು ಬ್ಯಾರಿ ಅಲ್ವಾ? ನನಗೆ ಬರುದಿಲ್ಲ. ಎಂತ ಹೇಳಿದ್ದು?" ಎಂದರು ಮೊರಿಸ್.

ಸಾಹೇಬರ ಮುಖದಲ್ಲಿ ಸಣ್ಣ ನಗು ಬಂತು.

"ನಾನು ಹೇಳಿದ್ರೆ ಸುಳ್ಳು ಅಂತಾರೆ. ಅವರದೇ ಮಾತು, ಅವರೇ ಕನ್ನಡದಲ್ಲಿ ಹೇಳ್ಲಿ," ಎಂದಳು ರಮ್ಲಾ.

"ಸರಿ. ತಪ್ಪು ಹೇಳಿದ್ರೆ ಬ್ಯಾರಿ ಬಲ್ಲವರು ಕೋರ್ಟಿನಲ್ಲಿ ಬೇಕಾದಷ್ಟು ಜನ ಇದ್ದಾರೆ," ಎಂದು ಮೊರಿಸ್ ಪೆನ್ನು ತೆಗೆದರು.

ನಗು ಹೋಯಿತು. "ಹಳೇದಕ್ಕೆ... ಹೊಸ ತಾರೀಖು ಅಂಟಿಸು. ಯಾರಿಗೂ ಹೇಳಬೇಡ," ಎಂದು ಸಾಹೇಬರು ನೆಲ ನೋಡುತ್ತ ಹೇಳಿದರು. ಮೊರಿಸ್ ಅದನ್ನು ಹಾಗೇ ಬರೆದುಕೊಂಡು, ಕಾಗದ ತಿರುಗಿಸಿ ಮುಂದಿಟ್ಟರು.

ರಮ್ಲಾ ತನ್ನ ಪೆನ್ನನ್ನೇ ಸಾಹೇಬರಿಗೆ ಕೊಟ್ಟಳು. "ಸಹಿ ಮಾಡಿ."