ಖಾಲಾ ಕೇಳದೇ ಉಳಿದದ್ದು

ಕಳೆದ ವಾರ ಬಾಗೇವಾಡಿಯ ಸಂತೆಯಲ್ಲಿ ಯಾರದೋ ಚೀಲ ಹರಿದು ಲಿಂಬೆಹಣ್ಣು ರಸ್ತೆಯ ತುಂಬ ಉರುಳಿದವು. ಹಿಂದೆ ಬಂದ ಟಂಟಂ ಗಾಡಿ ಅವುಗಳ ಮೇಲೆಯೇ ಹಾಯ್ದು ಹೋಯಿತು. ಸಿಪ್ಪೆ ಒಡೆದ ಆ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಮೆಂತ್ಯದ ಸೂಡು ಕೈಯಲ್ಲಿ ಹಿಡಿದುಕೊಂಡು ನಿಂತಲ್ಲೇ ನಿಂತುಬಿಟ್ಟೆ. ಕಾಯಿಪಲ್ಲೆಯವಳು ಎರಡು ಸಲ "ಏನಾತ್ರಿ ಅಕ್ಕಾರ" ಅಂತ ಕೇಳಿದಳಂತೆ, ನನಗೆ ಕೇಳಿಸಲಿಲ್ಲ. ನನ್ನ ಕಣ್ಣೆದುರಿಗೆ ಇಂಡಿ ಊರಿನ ನಮ್ಮ ಓಣಿ ಇತ್ತು. ಓಣಿಯ ಕೊನೆಗೆ ಎರಡು ಮನೆ, ನಡುವೆ ಒಂದೇ ಗೋಡೆ. ಒಂದು ನಮ್ಮದು, ಇನ್ನೊಂದು ಖಾಲಾ ಅವರದು.

ಖಾಲಾ ಅಂದರೆ ತಾಯಿಯ ಅಕ್ಕತಂಗಿ. ಹಾಗೆ ನೋಡಿದರೆ ಅವರಿಗೂ ನಮಗೂ ಯಾವ ಸಂಬಂಧವೂ ಇರಲಿಲ್ಲ. ಅವರು ಮುಸಲ್ಮಾನರು, ನಾವು ಲಿಂಗಾಯತರು. ಅವ್ವನೇ ನನಗೆ ಹಾಗೆ ಕರೆಯಲು ಕಲಿಸಿದ್ದಳು. ಅವರ ಗಂಡ ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ಹೊಸ ತಂತಿ ಸುತ್ತುವ ಕೆಲಸ ಮಾಡುತ್ತಿದ್ದರು. ಅವರನ್ನು ನಾನು ಮಾಮಾ ಅನ್ನುತ್ತಿದ್ದೆ. ಅವರಿಗೆ ಮಕ್ಕಳಾಗಿರಲಿಲ್ಲ. ಖಾಲಾ ಲಿಂಬೆ ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ ಹಣ್ಣು ಆರಿಸಲು ಹೋಗುತ್ತಿದ್ದರು. ದೊಡ್ಡವು ಒಂದು ಕಡೆ, ಸಣ್ಣವು ಒಂದು ಕಡೆ, ಕಲೆಬಿದ್ದವು ಇನ್ನೊಂದು ಕಡೆ.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ನಮಾಜು ಮಾಡುತ್ತಿದ್ದರು. ಸಾಲಿಯಿಂದ ಬಂದ ನಾನು ಗೋಡೆಗೆ ಒರಗಿ ನೋಡುತ್ತ ಕೂರುತ್ತಿದ್ದೆ. ನಮಾಜು ಮುಗಿಸಿ ಎರಡೂ ಅಂಗೈ ಎದೆಯ ಮಟ್ಟಕ್ಕೆ ಎತ್ತಿ, ಕಣ್ಣು ಅರ್ಧ ಮುಚ್ಚಿ, ತುಟಿಯಲ್ಲೇ ಏನೇನೋ ಕೇಳಿಕೊಳ್ಳುತ್ತಿದ್ದರು. ಆಮೇಲೆ ಆ ಅಂಗೈಗಳನ್ನು ತಮ್ಮ ಮುಖಕ್ಕೆ ಸವರಿಕೊಂಡು, ನನ್ನ ಮುಖಕ್ಕೂ ಸವರುತ್ತಿದ್ದರು. ಎಷ್ಟು ತೊಳೆದರೂ ಹೋಗದ ಲಿಂಬೆಯ ವಾಸನೆ ಆ ಕೈಗೆ.

ಒಂದು ದಿನ ಕೇಳಿಯೇಬಿಟ್ಟೆ. ದೇವರಿಗೆ ಎಲ್ಲಾ ಗೊತ್ತಿರುತ್ತದೆ ಅಂತ ನೀವೇ ಹೇಳುತ್ತೀರಿ, ಮತ್ತೆ ದಿನಾ ಯಾಕೆ ಕೇಳುವುದು ಅಂತ. ಖಾಲಾ ನಕ್ಕರು.

"ನಿನಗ ಹಸಿವಿ ಆಗೂದು ನಿಮ್ಮವ್ವಗ ಗೊತ್ತಿಲ್ಲೇನ? ಆದರೂ ಸಾಲಿಯಿಂದ ಬಂದಾಕಿನ ಅವ್ವಾ ಹಸಿವಿ ಅಂತಿ. ಒಂದಿನಾ ಏನೂ ಅನ್ನಲಾರ್ದ ಮೂಲ್ಯಾಗ ಕುಂತರ ಆಕಿ ಹಣಿ ಮುಟ್ಟಿ ನೋಡ್ತಾಳ, ಏನಾತ ಮಗಳ ಅಂತ. ಕೇಳೂದು ಬಿಟ್ಟರ ಮಾತು ಬಿಟ್ಟಂಗ."

ಅವತ್ತಿಗೆ ಆ ಉತ್ತರ ಸಾಕಾಗಿತ್ತು.

ನಾನು ಪಿಯುಸಿ ಎರಡನೇ ವರ್ಷದಲ್ಲಿದ್ದಾಗ ಅವ್ವನ ಹೊಟ್ಟೆನೋವು ಶುರುವಾಯಿತು. ಮೊದಲು ಪಿತ್ತ ಅಂದರು, ಆಮೇಲೆ ಹುಣ್ಣು ಅಂದರು. ಕೊನೆಗೆ ಅಪ್ಪ ಸೊಲ್ಲಾಪುರಕ್ಕೆ ಕರೆದುಕೊಂಡು ಹೋದರು. ಅಲ್ಲಿ ಹೊಟ್ಟೆ ತೆರೆದು ನೋಡಿ, ಹಾಗೆಯೇ ಹೊಲಿದು ಕಳಿಸಿದರು. ಹಬ್ಬಿಬಿಟ್ಟಿದೆ, ಮನೆಯಲ್ಲೇ ಇಟ್ಟುಕೊಂಡು ಬೇಕಾದ್ದು ಉಣ್ಣಿಸಿ ಅಂದರಂತೆ. ಅಪ್ಪ ಬಸ್ ಕಂಡಕ್ಟರು. ಸಿಂದಗಿ, ದೇವಣಗಾಂವ ಕಡೆಯ ಡ್ಯೂಟಿ. ಎಷ್ಟು ದಿನ ರಜೆ ಹಾಕಲಾದೀತು? ಬೆಳಿಗ್ಗೆ ಅವ್ವನ ಹಾಸಿಗೆ ಬದಲಿಸಿ, ಮಾತಿಲ್ಲದೆ ಡಿಪೋಗೆ ಹೋಗುತ್ತಿದ್ದರು. ಆ ಡಾಕ್ಟರರ ಮಾತನ್ನೂ ಅವರು ನನಗೆ ಹೇಳಲಿಲ್ಲ. ಹೇಳಿದ್ದು ಖಾಲಾ. ಗೋದಾಮಿನ ಕೆಲಸ ಬಿಟ್ಟು ದಿನವಿಡೀ ಅವ್ವನ ಹತ್ತಿರ ಕೂತವರೂ ಅವರೇ.

ಹೇಳಿದ ದಿನ ನಾನು ಅಳಲಿಲ್ಲ. ಅವರ ಎರಡೂ ಕೈ ಹಿಡಿದುಕೊಂಡು, "ನೀವು ಕೇಳ್ರಿ ಖಾಲಾ, ಅವ್ವನ್ನ ಉಳಸು ಅಂತ ಕೇಳ್ರಿ. ಬ್ಯಾರೆ ಏನೂ ಕೇಳಬ್ಯಾಡ್ರಿ" ಅಂದೆ. ಅವರು ನನ್ನ ತಲೆ ಸವರಿದರು. ಹೂಂ ಅಂದರೇ? ಈಗ ಎಷ್ಟು ನೆನಪಿಸಿಕೊಂಡರೂ ಅವರು ಹೂಂ ಅಂದದ್ದು ನೆನಪಾಗುವುದಿಲ್ಲ…

ನಾನೂ ಕೇಳಿದೆ. ಸೋಮವಾರ ಉಪವಾಸ ಇದ್ದೆ, ಈಶ್ವರ ಗುಡಿಯಲ್ಲಿ ದೀಪ ಹಚ್ಚಿದೆ, ಅಂಗೈಯಲ್ಲಿ ಲಿಂಗ ಹಿಡಿದು ದಿಟ್ಟಿಸಿ ನೋಡುತ್ತ ಕಣ್ಣು ಉರಿಯುವ ತನಕ ಕೂತೆ. ಅವ್ವ ದಿನದಿನಕ್ಕೆ ಸಣ್ಣಗಾದಳು. ನೋವು ಬಂದಾಗ ಸೆರಗಿನ ತುದಿ ಕಚ್ಚುತ್ತಿದ್ದಳು, ನನಗೆ ಕೇಳಿಸಬಾರದು ಅಂತ. ಕೊನೆಕೊನೆಗೆ ಸೆರಗು ಕಚ್ಚುವ ತ್ರಾಣವೂ ಉಳಿಯಲಿಲ್ಲ. ಬೇಸಿಗೆಯ ಒಂದು ಗುರುವಾರ, ನಾನು ಪರೀಕ್ಷೆ ಬರೆದು ಬರುವಷ್ಟರಲ್ಲಿ ಓಣಿಯವರೆಲ್ಲ ನಮ್ಮ ಬಾಗಿಲ ಮುಂದೆ ನಿಂತಿದ್ದರು.

ಮಣ್ಣು ಮಾಡಿ ಬಂದ ಐದನೇ ದಿನ ಖಾಲಾ ನನಗೆ ಗಂಜಿ ತಂದರು. ನಾನು ಅಲ್ಲಿಯ ತನಕ ಸರಿಯಾಗಿ ಉಂಡಿರಲಿಲ್ಲ. ಪಾತ್ರೆ ಕೆಳಗಿಟ್ಟು, ಎಂದಿನಂತೆ ನನ್ನ ಮುಖ ಸವರಲು ಕೈ ಚಾಚಿದರು. ನಾನು ಆ ಕೈ ತಳ್ಳಿದ ರಭಸಕ್ಕೆ ಗಂಜಿಯ ಪಾತ್ರೆ ಉರುಳಿತು.

"ಎಷ್ಟ ಕೇಳಿದ್ರಿ? ಏನ ಕೊಟ್ಟ ನಿಮ್ಮ ದೇವರು? ನಮ್ಮ ದೇವರೂ ಕಿವುಡ, ನಿಮ್ಮ ದೇವರೂ ಕಿವುಡ. ಇನ್ನೊಮ್ಮೆ ನನ್ನ ಮಾರಿಗೆ ಈ ಕೈ ಹಚ್ಚಬ್ಯಾಡ್ರಿ."

ಅವರು ಚೆಲ್ಲಿದ ಗಂಜಿಯನ್ನು ಒರೆಸಿ, ಪಾತ್ರೆ ತೆಗೆದುಕೊಂಡು ಹೋದರು. ಸಂಜೆ ಮಾಮಾನ ಕೈಯಲ್ಲಿ ರೊಟ್ಟಿ ಕಳಿಸಿದರು. ಆ ಮಾತಿಗಾಗಿ ನಾನು ಎಂದೂ ಕ್ಷಮೆ ಕೇಳಲಿಲ್ಲ, ಅವರೂ ಎಂದೂ ಅದನ್ನು ಎತ್ತಲಿಲ್ಲ.

ತಿಂಗಳೊಪ್ಪತ್ತು ಕಳೆದ ಮೇಲೆ ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಖಾಲಾ ನಮಾಜು ಬಿಟ್ಟಿರಲಿಲ್ಲ. ಆದರೆ ಮುಗಿದ ಮೇಲೆ ಕೈ ಎತ್ತುತ್ತಿರಲಿಲ್ಲ. ಚಾಪೆ ಮಡಚಿ ಸೀದಾ ಎದ್ದುಬಿಡುತ್ತಿದ್ದರು. ಅದನ್ನು ನೋಡಿ ನನಗೆ ಒಳಗೊಳಗೇ ಸಮಾಧಾನವಾಯಿತು. ನನ್ನ ಮಾತು ಅವರಿಗೆ ತಾಗಿದೆ, ಅವರೂ ಕೇಳುವುದು ಬಿಟ್ಟಿದ್ದಾರೆ, ನಾವಿಬ್ಬರೂ ಈಗ ಸರಿಸಮ ಅಂದುಕೊಂಡೆ. ಆ ಸಮಾಧಾನ ನೆನೆದರೆ ಈಗ ನನಗೆ ನನ್ನ ಮೇಲೆಯೇ ಹೇಸಿಗೆಯಾಗುತ್ತದೆ.

ವರ್ಷಗಳು ಹೋದವು. ನಾನು ಬಿ.ಎಡ್ ಮಾಡಿದೆ, ಮದುವೆಯಾಗಿ ಬಾಗೇವಾಡಿಗೆ ಬಂದೆ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕಿತು. ಮದುವೆಯಲ್ಲಿ ಅವ್ವ ನಿಲ್ಲಬೇಕಾದ ಜಾಗದ ಹತ್ತಿರ ಖಾಲಾ ನಿಂತಿದ್ದರು. ಎಲ್ಲರೂ ಅಕ್ಷತೆ ಹಾಕಿ ಹರಸುವಾಗ ಅವರು ಮುಷ್ಟಿಯಲ್ಲಿ ಅಕ್ಕಿ ಹಿಡಿದುಕೊಂಡೇ ಇದ್ದರು. ಹಾಕಿದರೋ ಇಲ್ಲವೋ… ಅಪ್ಪ ತೀರಿಕೊಂಡ ಮೇಲೆ ಇಂಡಿಗೆ ಹೋದರೆ ನಾನು ಇಳಿಯುತ್ತಿದ್ದುದು ಅವರ ಮನೆಯಲ್ಲೇ.

ಮಾಮಾನಿಗೆ ಲಕ್ವಾ ಹೊಡೆದದ್ದು ಒಂದು ಮಳೆಗಾಲದಲ್ಲಿ. ಅಂಗಡಿಯಲ್ಲಿ ಮೋಟರಿನ ಮುಂದೆ ಕೂತವರು ಹಾಗೇ ಪಕ್ಕಕ್ಕೆ ವಾಲಿದರಂತೆ. ಮಿದುಳಿನಲ್ಲಿ ರಕ್ತ ಸೋರಿತ್ತು. ವಿಜಯಪುರದ ಆಸ್ಪತ್ರೆಗೆ ಹಾಕಿದರು. ನಾನು ಸಾಲಿಗೆ ರಜೆ ಹಾಕಿ ಬಸ್ಸು ಹತ್ತಿ ಹೋದೆ. ಖಾಲಾ ಐಸಿಯು ಹೊರಗೆ ಕಬ್ಬಿಣದ ಬೆಂಚಿನ ಮೇಲೆ ಕೂತಿದ್ದರು. ಮೂರು ದಿನದಿಂದ ಕಣ್ಣು ಮುಚ್ಚಿರಲಿಲ್ಲವಂತೆ. ಒಳಗೆ ಹೋಗಿ ನೋಡಿ ಬಂದೆ. ಬಾಯಿಗೆ ನಳಿಗೆ, ಎದೆ ಯಂತ್ರದ ಲೆಕ್ಕಕ್ಕೆ ಏರುತ್ತಿತ್ತು, ಇಳಿಯುತ್ತಿತ್ತು. ಆ ಮುಖದಲ್ಲಿ ಮಾಮಾ ಇರಲಿಲ್ಲ.

ಪಕ್ಕದಲ್ಲಿ ಕೂತೆ. ಖಾಲಾ ನನ್ನ ಕಡೆ ನೋಡದೆ, ಎದುರಿನ ಗೋಡೆ ನೋಡುತ್ತ ಹೇಳಿದರು.

"ಒಂದು ಕೆಲಸ ಮಾಡ್ತಿ? ಅವರ ಸಲುವಾಗಿ ನೀ ಕೇಳು."

ನೀವೇ ಕೇಳಬಹುದಲ್ಲ ಖಾಲಾ ಅಂದೆ. ಆಗ ಅವರು ಇಪ್ಪತ್ತು ವರ್ಷ ತಮ್ಮೊಳಗೇ ಇಟ್ಟುಕೊಂಡದ್ದನ್ನು ಹೇಳಿದರು.

ಅವ್ವ ಹೋಗುವ ಒಂದು ವಾರ ಮೊದಲು, ನಾನು ಕಾಲೇಜಿಗೆ ಹೋದ ಹೊತ್ತಿನಲ್ಲಿ, ಖಾಲಾ ಅವರ ಕೈ ಹಿಡಿದು ಬೇಡಿಕೊಂಡಿದ್ದಳಂತೆ. "ಲಗೂ ಕರ್ಕೋ ಅಂತ ನನ್ನ ಸಲುವಾಗಿ ಕೇಳ್ರಿ, ನಮ್ಮವರ ಮುಂದ ಈ ಮಾತ ಆಡಾಕ ಬರೂದಿಲ್ಲ, ಮಗಳು ಎದಿ ಒಡಕೊಂತಾಳ ಅಂದ್ಲು ನಿಮ್ಮವ್ವ." ಆದರೆ ಸಾವು ಕೊಡು ಅಂತ ಕೇಳುವುದು ಅವರ ಧರ್ಮದಲ್ಲಿ ಸಲ್ಲದು. ಖಾಲಾ ಮೌಲ್ವಿಗಳ ಮನೆಗೆ ಹೋಗಿ, ಅವರ ಹೆಂಡತಿಯ ಹತ್ತಿರ ವಿಚಾರಿಸಿದರು. ಬದುಕು ಒಳ್ಳೆಯದಾದರೆ ಬದುಕು ಕೊಡು, ಸಾವು ಒಳ್ಳೆಯದಾದರೆ ಅದನ್ನು ಕೊಡು, ಇಷ್ಟು ಮಾತ್ರ ಕೇಳಬಹುದು ಅಂತ ಅವರು ಹೇಳಿಕೊಟ್ಟರು.

"ಬಾಯಿಲೆ ಹಂಗ ಕೇಳಿದೆ ಮಗಳ. ಆದರ ಆಕಿ ನರಳೂದು ಗೋಡಿ ಈ ಕಡೆ ಕೇಳಸ್ತಿತ್ತು. ಬುಧವಾರ ಕೈ ಎತ್ತಿದಾಗ ಬಾಯಿ ಏನೋ ಅಂತಿತ್ತು, ಮನಸ್ಸು ಕರ್ಕೋ ಅಂದಬಿಡ್ತು. ಮರುದಿನಾ ಹೋದ್ಲು." ಐಸಿಯು ಬಾಗಿಲ ಕಡೆ ಒಮ್ಮೆ ನೋಡಿ ಮತ್ತೆ ಹೇಳಿದರು. "ನೀ ಉಳಸು ಅನ್ನು ಅಂದಿದ್ದಿ, ಆಕಿ ಕರ್ಕೋ ಅನ್ನು ಅಂದಿದ್ಲು. ನೀ ಅವತ್ತ ಕಿವುಡ ಅಂದಿ. ಅವ ಕಿವುಡ ಇರಲಿಲ್ಲ. ಅದಕ ನನಗ ಅಂಜಿಕಿ. ಈಗ ಇವರನ್ನ ಆ ಮಶೀನಿನ್ಯಾಗ ನೋಡಿದರ ನನ್ನ ಮನಸ್ಸು ಏನ ಕೇಳ್ತೈತೋ ನನಗ ಗೊತ್ತಿಲ್ಲ. ನೀ ಕೇಳು. ನಿನ್ನ ದೇವರಿಗೇ ಕೇಳು, ನಡೀತೈತಿ. ನಮ್ಮ ಮನಿಯಿಂದ ಒಬ್ಬರಾದ್ರೂ ಕೇಳಬೇಕಲ್ಲ."

ಆಯ್ತು ಖಾಲಾ ಅಂತ ಎದ್ದೆ.

ಆಸ್ಪತ್ರೆಯ ಅಂಗಳದಲ್ಲಿ ಬೇವಿನ ಮರದ ಕೆಳಗೆ ಒಂದು ಸಣ್ಣ ಹನುಮಪ್ಪನ ಗುಡಿ ಇತ್ತು. ಒಳಗಿರುವವರ ಬಂಧುಗಳು ಒಬ್ಬೊಬ್ಬರಾಗಿ ಬಂದು ನಿಂತು ಹೋಗುತ್ತಿದ್ದರು. ನನ್ನ ಸರದಿ ಬಂತು. ಕೈ ಮುಗಿದೆ. ಮಾತು ಬರಲಿಲ್ಲ. ಅವ್ವನ ಸೆರಗು, ಮಾಮಾನ ಬಾಯಿಯ ನಳಿಗೆ, ಎಲ್ಲ ಒಟ್ಟಿಗೇ ಕಣ್ಣಿಗೆ ಬಂದವು. ಇಪ್ಪತ್ತು ವರ್ಷ ಏನನ್ನೂ ಕೇಳದವಳು ಇವತ್ತು ಯಾವ ಬಾಯಿಂದ ಕೇಳಲಿ? ಕೇಳಿದರೂ ಏನಂತ ಕೇಳಲಿ? ಹಿಂದೆ ಒಬ್ಬ ಹೆಣ್ಣುಮಗಳು ಕಾಯುತ್ತಿದ್ದಳು. ನಾನು ಪಕ್ಕಕ್ಕೆ ಸರಿದೆ. ಕ್ಯಾಂಟೀನಿಗೆ ಹೋಗಿ ಒಂದು ಚಹಾ ಕುಡಿದೆ. ಪ್ರಾರ್ಥನೆಗೆ ಹಿಡಿಯುವಷ್ಟು ಹೊತ್ತು ಅಲ್ಲಿ ಕಳೆದು ಮೇಲೆ ಬಂದೆ.

"ಕೇಳಿದೆ ಖಾಲಾ" ಅಂದೆ.

ಅವರು ನನ್ನ ಕೈ ತಮ್ಮ ಮಡಿಲಲ್ಲಿ ಇಟ್ಟುಕೊಂಡು, ಕೂತಲ್ಲೇ ಗೋಡೆಗೆ ತಲೆ ಆನಿಸಿ ನಿದ್ದೆಹೋದರು.

ಎರಡನೇ ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಮಾಮಾ ಹೋದರು. ಖಾಲಾ ನನ್ನನ್ನು ತಬ್ಬಿಕೊಂಡು ಅತ್ತರು. ಆದರೆ ಅವರಲ್ಲಿ ಒಂದು ನೆಮ್ಮದಿ ಇತ್ತು. ಕೊಡುವುದು ಬಿಡುವುದು ಅವನಿಗೆ ಸೇರಿದ್ದು, ನೀ ಕೇಳಿದೆಯಲ್ಲ, ಅಷ್ಟು ಸಾಕು ಅಂದರು. ಆಮೇಲೆ ಯಾರು ಮಾತಾಡಿಸಲು ಬಂದರೂ ಅದೇ ಮಾತು. ನನ್ನ ಮಗಳು ಬಾಗೇವಾಡಿಯಿಂದ ಓಡಿ ಬಂದು ಅವರ ಸಲುವಾಗಿ ಕೇಳಿದಳು ಅಂತ. ಮೂರು ವರ್ಷ ನಾನು ಇಂಡಿಗೆ ಹೋದಾಗಲೆಲ್ಲ ಈ ಮಾತು ಕೇಳಿಸಿಕೊಂಡೆ. ಪ್ರತಿ ಸಲ ಏನೋ ಕೆಲಸದ ನೆಪ ಮಾಡಿ ಎದ್ದು ಒಳಗೆ ಹೋಗುತ್ತಿದ್ದೆ.

ಕಳೆದ ವರ್ಷ ದೀಪಾವಳಿ ರಜೆಯಲ್ಲಿ ಹೋದಾಗ ಖಾಲಾ ಹಾಸಿಗೆ ಹಿಡಿದಿದ್ದರು. ಕಾಲು ಬಾತಿದ್ದವು. ಮಾಮಾನ ತಮ್ಮನ ಮಗಳು ಬಂದು ನೋಡಿಕೊಳ್ಳುತ್ತಿದ್ದಳು. ನನ್ನನ್ನು ಕಂಡು ಅವಳಿಗೆ ಮತ್ತೆ ಅದನ್ನೇ ಹೇಳಿದರು, ಈಕೆಯೇ ಕೇಳಿದವಳು ಅಂತ. ಆ ಹುಡುಗಿ ಚಹಾ ಮಾಡಲು ಒಳಗೆ ಹೋದಳು. ನನ್ನಿಂದ ತಡೆಯಲಾಗಲಿಲ್ಲ.

"ಖಾಲಾ, ಅವತ್ತ ನಾ ಕೇಳಿರಲಿಲ್ಲರಿ. ಗುಡಿ ತನಕ ಹೋಗಿ ಸುಮ್ಮನ ತಿರುಗಿ ಬಂದಿದ್ದೆ. ನಿಮಗ ಸುಳ್ಳ ಹೇಳಿದೆ."

ಬೈಯುತ್ತಾರೆ ಅಂದುಕೊಂಡಿದ್ದೆ. ಇಲ್ಲ, ಖರೆ ಹೇಳಬೇಕೆಂದರೆ, ಹೋಗಲಿ ಬಿಡು ಮಗಳೇ ಅಂತ ತಲೆ ಸವರುತ್ತಾರೆ ಅಂದುಕೊಂಡಿದ್ದೆ. ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕೈಯೊಳಗಿದ್ದ ತಮ್ಮ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡರು.

"ಹಂಗಾದ್ರ ನಮ್ಮ ಮನಿಯಿಂದ ಅವರ ಸಲುವಾಗಿ ಯಾರೂ ಕೇಳಲೇ ಇಲ್ಲ" ಅಂದರು. ಗೋಡೆಯ ಕಡೆ ಹೊರಳಿ ಮಲಗಿದರು.

ನಾನು ಸಂಜೆಯ ಬಸ್ಸಿಗೆ ಹೊರಡುವ ತನಕ ಅವರು ಈ ಕಡೆ ಹೊರಳಲಿಲ್ಲ. ತಿಂಗಳೊಳಗೆ ಫೋನು ಬಂತು. ನಾನು ಮುಟ್ಟುವಷ್ಟರಲ್ಲಿ ಗಂಡಸರು ಖಾಲಾ ಅವರ ಜನಾಜಾ ಹೊತ್ತು ಮಣ್ಣು ಮಾಡಲು ಹೋಗಿಯಾಗಿತ್ತು.

ನನ್ನ ಎದೆ ಹಗುರವಾಗಲಿ ಅಂತ ಆ ಮಾತು ಆಡಿದೆ. ಗಂಜಿ ತಂದ ದಿನವೂ ಹಾಗೆಯೇ ಆಡಿದ್ದೆ. ಒಬ್ಬ ಮುದುಕಿಗೆ ಉಳಿದಿದ್ದ ಒಂದೇ ಒಂದು ಸಮಾಧಾನವನ್ನು, ಅವಳು ಸಾಯುವ ಮುಂಚೆ, ನಾನು ಕಿತ್ತುಕೊಂಡೆ. ಅದನ್ನು ತಿರುಗಿ ಕೊಡಲು ಈಗ ದಾರಿಯಿಲ್ಲ.

ಜನಾಜಾ ಹೋದ ಆ ದಿನ ಮಾಮಾನ ತಮ್ಮನ ಮಗಳು ನನ್ನನ್ನು ಕೂರಿಸಿ ನೀರು ಕೊಟ್ಟಳು. ಸತ್ತವರಿಗಾಗಿಯೂ ಕೇಳಬಹುದು, ಅವರ ತಪ್ಪುಗಳನ್ನು ಮನ್ನಿಸು ಅಂತ ಕೇಳಬಹುದು, ನಮ್ಮಲ್ಲಿ ಕೇಳುತ್ತಾರೆ ಅಂತ ತಾನಾಗಿಯೇ ಹೇಳಿದಳು. ನನ್ನ ಮುಖದಲ್ಲಿ ಅವಳಿಗೆ ಏನು ಕಂಡಿತ್ತೋ ಗೊತ್ತಿಲ್ಲ.

ಈಗ ಬೆಳಿಗ್ಗೆ ಸ್ನಾನವಾದ ಮೇಲೆ ಸಾಲಿಗೆ ಹೊರಡುವ ಮುಂಚೆ ಐದು ನಿಮಿಷ ಕೂರುತ್ತೇನೆ. ಕೇಳಿಸಿಕೊಳ್ಳುವವರು ಇದ್ದಾರೋ ಇಲ್ಲವೋ, ನನಗೆ ಈಗಲೂ ತಿಳಿಯದು. ಮೊದಲು ಮಾಮಾನ ಹೆಸರು ಹೇಳುತ್ತೇನೆ. ಆಮೇಲೆ ಖಾಲಾ ಅವರದು, ಎಂದೂ ಬಾಯಿಬಿಟ್ಟು ಕರೆಯದಿದ್ದ ಹೆಸರು. ಅಷ್ಟು ಹೇಳುವಷ್ಟರಲ್ಲಿ ಬಸ್ಸಿನ ಹೊತ್ತಾಗುತ್ತದೆ.